ಮೊಣಕಾಲಿನ ಕೆಳಗಿನ ಕೌದಿ

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋವಿಗಿಂತ ಹೆಚ್ಚು ಕಾಟ ಕೊಟ್ಟದ್ದು ನಮ್ಮ ಟೆಂಪೋದ ಸದ್ದು. ಸವದತ್ತಿ–ಬೈಲಹೊಂಗಲ ದಾರಿಯಲ್ಲಿ ನಾನು ಓಡಿಸುತ್ತಿದ್ದ ಗಾಡಿಯನ್ನು ಈಗ ತಮ್ಮ ಓಡಿಸುತ್ತಿದ್ದ. ಓಣಿಯ ತಿರುವಿನಲ್ಲಿ ಅವನು ಕರಕರ ಎಂದು ಗೇರು ಬದಲಿಸಿದರೆ ಇಲ್ಲಿ ಮಂಚದ ಮೇಲೆ ನನ್ನ ಮೈ ಉರಿಯುತ್ತಿತ್ತು. ಕ್ಲಚ್ ಒತ್ತುವ ಎಡಗಾಲು ಬ್ಯಾಂಡೇಜಿನೊಳಗೇ ಚಡಪಡಿಸುತ್ತಿತ್ತು.

ನವಿಲುತೀರ್ಥದ ಹತ್ತಿರ ಟೆಂಪೋದ ಮೇಲಿನಿಂದ ಜಿಗಿದಾಗ ಅದೇ ಕಾಲಿನ ಮೊಣಕಾಲ ಲಿಗಮೆಂಟ್ ಹರಿದಿತ್ತು. ಬೆಳಗಾವಿಯಲ್ಲಿ ಸಣ್ಣ ತೂತು ಮಾಡಿ, ದುರ್ಬೀನು ಬಿಟ್ಟು ಸರಿ ಮಾಡಿದ್ದರು. ಇನ್ನು ಇದು ಕ್ಲಚ್ ಒತ್ತುವ ಕಾಲಾಗುತ್ತದೋ ಇಲ್ಲವೋ, ಅದೊಂದೇ ಚಿಂತೆ ತಲೆ ತಿನ್ನುತ್ತಿತ್ತು.

ನಮ್ಮ ಮನೆಯಲ್ಲಿ ಯಾರಿಗೆ ಎಲ್ಲಿ ನೋವಾದರೂ ಅಲ್ಲಿಗೊಂದು ಕೌದಿ ಬರುತ್ತದೆ. ಹಳೆಯ ಸೀರೆ ಕೂಡಿಸಿ ತಾನೇ ಹೊಲಿದ ಕೌದಿಯನ್ನು ಅವ್ವ ಮಡಿಚಿ ನನ್ನ ಮೊಣಕಾಲಿನ ಕೆಳಗೆ ಇಟ್ಟಳು. ಹಾಯೆನಿಸಿತು. ಮಾತಾಡಿಸಲು ಬಂದವರೆಲ್ಲ ಅದನ್ನು ಇನ್ನಷ್ಟು ಎತ್ತರ ಮಾಡಿ, ಚಹಾ ಕುಡಿದು ಹೋದರು.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಕಾಲು ಚಾಚಿಸಿ ನೋಡಿದರು. ಪೂರ್ತಿ ನೆಟ್ಟಗಾಗಲಿಲ್ಲ.

"ಮಲಗಿದಾಗ ಮೊಣಕಾಲ ಕೆಳಗ ಏನಾರ ಇಡ್ತೀರೇನು?"

"ಇಡದ ಬಿಡ್ತೇನೇನ್ರಿ?" ಅವ್ವ ಹೆಮ್ಮೆಯಿಂದ ಅಂದಳು. "ನಾನ ಹೊಲದಿದ್ದ ಕೌದಿ ಐತ್ರಿ, ಭಾಳ ಮೆತ್ತಗ."

"ತೆಗೀರಿ ಅದನ್ನ. ಹಿಂಗ ಬಿಟ್ರ ಕಾಲು ಬಾಗಿದಂಗ ಉಳೀತೈತಿ. ಕೌದಿ ಹಿಮ್ಮಡದ ಕೆಳಗ ಇಟ್ಟು, ಮೊಣಕಾಲು ಕೆಳಗ ಒತ್ರಿ. ದಿನಾ."

ನನಗೆ ಇರುವೆ ಕಚ್ಚಿದರೂ ಊದುತ್ತಿದ್ದ ಅವ್ವ ಮರುದಿನ ಕೌದಿಯನ್ನು ಹಿಮ್ಮಡದ ಕೆಳಗಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿ, ಎರಡೂ ಕೈಯಿಂದ ನನ್ನ ಮೊಣಕಾಲು ಒತ್ತಿದಳು. ನಾನು ಬಾಯಿಗೆ ಬಂದಂತೆ ಬೈದೆ.

"ಬೈಯೋ, ಎಷ್ಟರ ಬೈ. ನಾ ಮಾತ್ರ ಬಿಡಂಗಿಲ್ಲ" ಅಂದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಒತ್ತಿದ ಮೇಲೆ ಕೌದಿ ತೆಗೆದು, ಮೊಣಕಾಲಿನ ಕೆಳಗೆ ಅಂಗೈ ತೂರಿಸಿ ಸಂದು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು. ಕೈ ಸಲೀಸಾಗಿ ಆಚೆ ಬರುತ್ತಿತ್ತು. ಮರುದಿನವೂ ಬಂತು, ಅದರ ಮರುದಿನವೂ ಬಂತು. ಆ ಕೈಯನ್ನು ಕಂಡರೇ ನನಗೆ ಸಿಟ್ಟು ನೆತ್ತಿಗೇರುವಂತಾಯಿತು.

ಒಂದು ಬೆಳಿಗ್ಗೆ ಹೊರಗೆ ತಮ್ಮ ಟೆಂಪೋ ಚಾಲೂ ಮಾಡಿ, ಎಂದಿನಂತೆ ಗೇರನ್ನು ಹಿಂಸಿಸುತ್ತಿದ್ದ. ಒಳಗೆ ಅವ್ವನ ಕೈ ನನ್ನ ಮೊಣಕಾಲಿಗೂ ಹಾಸಿಗೆಗೂ ನಡುವೆ ಸಿಕ್ಕಿಬಿತ್ತು.

"ಕೈ ಬಿಡಪಾ, ನೋಯಾಕ ಹತ್ತೇತಿ" ಅಂದಳು, ನಗುತ್ತ.

ನಾನು ಇನ್ನೂ ಜೋರಾಗಿ ಒತ್ತಿದೆ.