ಕರೆಂಟ್ ಬಂದೈತಿ ನೋಡು

ನಮ್ಮ ಮೆಣಸಿನ ಹೊಲಕ್ಕೆ ನೀರು ಬಿಟ್ಟವರು ಸತ್ತ ನನ್ನ ಗಂಡ ಅಲ್ಲ. ಬಿಟ್ಟವಳು ಹಾವೇರಿಯ ಒಬ್ಬ ಹೆಂಗಸು, ಅದೂ ಅವಳಿಗೇ ಗೊತ್ತಿಲ್ಲದೆ. ಸಂಗತಿ ಇಷ್ಟೇ. ಇಷ್ಟು ತಿಳಿದ ಮೇಲೂ ಆ ಹೊಲದಲ್ಲಿ ಒಬ್ಬಳೇ ಕೂತರೆ ಬೆನ್ನು ತಣ್ಣಗಾಗುತ್ತದೆ.

ಹೊಲ ಮೇಡ್ಲೇರಿಯ ಹತ್ತಿರ. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಹೇಳಲಾಗದು. ಮೊದಲೆಲ್ಲ ನಮ್ಮ ಮನೆಯವರು ಊಟ ಅರ್ಧಕ್ಕೆ ಬಿಟ್ಟು ಬೋರಿನ ಕಡೆ ಓಡುತ್ತಿದ್ದರು. ಆಮೇಲೆ ರಾಣೆಬೆನ್ನೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ. ಒಂದು ಡಬ್ಬಿ, ಅದರೊಳಗೆ ಒಂದು ಸಿಮ್. ಕರೆಂಟು ಬಂದ ಕೂಡಲೇ ಡಬ್ಬಿಯೇ ಮನೆಯವರಿಗೆ ಫೋನು ಮಾಡಿ ಹೇಳುತ್ತಿತ್ತು. ಇವರು ತಿರುಗಿ ಅದಕ್ಕೆ ಫೋನು ಹಚ್ಚಿದರೆ ಮೋಟಾರು ಶುರು.

ಡಬ್ಬಿಯೊಳಗಿನ ದನಿ ಯಾರೋ ಪೇಟೆಯ ಹುಡುಗಿಯದು. ಇವರಿಗೆ ಅದು ಸೇರಲಿಲ್ಲ. ದನಿ ಬದಲಿಸಬಹುದೆಂದು ಮೆಕ್ಯಾನಿಕ್ ಹೇಳಿದ್ದೇ ತಡ, ಗಂಟಲು ಸರಿಮಾಡಿಕೊಂಡು ತಾವೇ ಹೇಳಿದರು: “ಕರೆಂಟ್ ಬಂದೈತಿ ನೋಡು.”

“ನಿಮಗ ನೀವ ಫೋನ್ ಮಾಡ್ಕೊಳ್ಳಾವ್ರು, ನೀವ ಎತ್ತಾವ್ರು. ಚಲೋ ಆತ್ರಿ ಸಂಸಾರ” ಅಂದೆ ನಾನು.

“ನೀ ಅಂತೂ ನನ್ನ ಮಾತು ಕೇಳಂಗಿಲ್ಲ. ನಾನರ ಕೇಳ್ತೇನಿ” ಅಂದರು.

ಹೋದ ಸಲದ ಕಾಯಿ ಬ್ಯಾಡಗಿ ಪೇಟೆಗೆ ಹಾಕಿ ಬಂದ ಮೇಲೆ ಅವರು ತೀರಿಕೊಂಡರು. ಮಗ ಅವರ ಫೋನಿನ ಸಿಮ್ ತೆಗೆದು ಟ್ರಂಕಿನಲ್ಲಿಟ್ಟ. ಡಬ್ಬಿಯ ನಂಬರಿಗೆ ತನ್ನ ಫೋನಿನಿಂದ ಕರೆ ಮಾಡಿ ಮೋಟಾರು ಶುರುಮಾಡತೊಡಗಿದ. ಈ ವರ್ಷ ಸಸಿ ನಾಟಿ ಮಾಡಿ ಬೇರು ಹಿಡಿಯುವ ಹೊತ್ತಿಗೆ ಮೋಟಾರು ತಾನಾಗಿಯೇ ಶುರುವಾಗತೊಡಗಿತು. ಮಗ ಮನೆಯಲ್ಲಿ, ಫೋನು ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಲ್ಲಿ. ಅಲ್ಲಿ ಹೊಲದಲ್ಲಿ ನೀರು.

ಡಬ್ಬಿಯ ವೈರು ಕಿತ್ತಿದ್ದರೆ ಮುಗಿಯುತ್ತಿತ್ತು. ಯಾರೂ ಕೀಳಲಿಲ್ಲ. ಹಿರಿಯರು ಬಂದು ಬೆಳೆ ನೋಡಿಕೊಳ್ಳುತ್ತಿದ್ದಾರೆ, ಅವರ ಕೈ ತಡೆಯಬಾರದು ಅಂದರು ಮಂದಿ. ಸೊಸೆ ಹೋಳಿಗೆ ಮಾಡಿ ಮೋಟಾರಿನ ಕೋಣೆಯ ಮುಂದೆ ಎಡೆ ಇಟ್ಟಳು. ಬದುಕಿದ್ದಾಗ ಅವರಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಮುಟ್ಟಿಸುತ್ತಿರಲಿಲ್ಲ. ಎಡೆ ಇಟ್ಟ ಮರುದಿನವೂ ಮೋಟಾರು ಶುರುವಾಯಿತು. ನೀರು ನಿಂತು ಗಿಡಗಳ ಎಲೆ ಹಳದಿಯಾದವು, ಬುಡ ಕೊಳೆಯತೊಡಗಿತು.

“ಅವ್ವಾ, ಹೊಲ ಲಾವಣಿಗೆ ಕೊಟ್ಟು ಬಿಡೂಣು. ಇಕಿ ಅತ್ತಾಗ ಕಾಲಿಡಾಕ ಒಲ್ಲೆ ಅಂತಾಳ” ಅಂದ ಮಗ.

“ನಿಮ್ಮಪ್ಪ ಎಂದರ ಹಸೀ ನೆಲಕ್ಕ ನೀರು ಬಿಟ್ಟಾನೇನು?”

ಹೊಲ ಗುತ್ತಿಗೆಗೆ ಹಿಡಿಯುವ ಲಾವಣಿಯವರು ನಾಳೆ ಗುತ್ತಲದಿಂದ ನೋಡಲು ಬರುತ್ತಾರೆ ಎಂದಷ್ಟೇ ಹೇಳಿ ಅವನು ಎದ್ದುಹೋದ. ಆ ಹೊಲದ ಕಲ್ಲು ಆರಿಸಿದವಳು ನಾನು. ಬೇರೆಯವರ ಕೈಗೆ ಹೋಗುವುದು ನನಗೆ ಬೇಡವಾಗಿತ್ತು.

ಮಧ್ಯಾಹ್ನ ಒಬ್ಬಳೇ ಹೋಗಿ ಕೋಣೆಯ ಬಾಗಿಲಲ್ಲಿ ಕೂತೆ. ಗಾಳಿ ಇರಲಿಲ್ಲ. ಡಬ್ಬಿಯ ಕೆಂಪು ದೀಪ ಹತ್ತಿತು, ಕರೆಂಟು ಬಂದಿತ್ತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಳಗೆ ಟಕ್ ಎಂದು ಸದ್ದಾಗಿ ಮೋಟಾರು ಗುಂಯ್‌ಗುಟ್ಟಿತು. ಸುತ್ತ ನರಪಿಳ್ಳೆ ಇಲ್ಲ. ಕಾಲಬುಡಕ್ಕೆ ನೀರು ಬಂತು. ನನಗೂ ಅಂಜಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ನನಗೆ ಬಾಯಿಪಾಠ ಇರುವುದು ಒಂದೇ ನಂಬರು, ಅವರದು. ನನ್ನ ಫೋನು ತೆಗೆದು, ಯಾಕೆ ಒತ್ತಿದೆನೋ, ಒತ್ತಿದೆ. ಆ ಕಡೆ ರಿಂಗಾಯಿತು. ಟ್ರಂಕಿನಲ್ಲಿರುವ ಸಿಮ್ಮು ಹೇಗೆ ರಿಂಗಾದೀತು? ಯಾರೋ ಎತ್ತಿದರು.

“ಯಾರ್ರಿ?” ಹೆಣ್ಣು ದನಿ.

“ನೀ ಯಾರವ್ವಾ? ಇದು ನಮ್ಮ ಮನಿಯವ್ರ ನಂಬರು.”

“ಹಾವೇರಿಯಿಂದ ಮಾತಾಡಾಕತ್ತೇನ್ರಿ. ಇದು ಹೊಸಾ ಸಿಮ್ ರೀ, ಅಂಗಡ್ಯಾಗ ಕೊಟ್ಟಾರ.” ಆಮೇಲೆ ಅವಳೇ ಕೇಳಿದಳು: “ಆ ಅಜ್ಜಾರು ನಿಮ್ಮ ಕಡ್ಯಾವರೇನ್ರಿ?”

“ಯಾವ ಅಜ್ಜಾರು?”

“ದಿನಾ ಫೋನ್ ಮಾಡ್ತಾರ್ರೀ. ಕರೆಂಟ್ ಬಂದೈತಿ ನೋಡು ಅಂತಾರ, ಇಟ್ಟುಬಿಡ್ತಾರ. ರಾಂಗ್ ನಂಬರ್ ಐತ್ರಿ ಅಜ್ಜಾರ ಅಂತ ಹೇಳೂಣು ಅಂದ್ರ ಕೇಳಂಗಿಲ್ಲ. ಪಾಪ, ಯಾರಿಗೋ ಹೇಳಬೇಕಾಗಿತ್ತೇನೋ ಅಂತ ನಾನ ತಿರುಗಿ ಹಚ್ಚತೇನಿ. ಕಟ್ ಆಗತೈತಿ. ಈಗ ಇನ್ನ ಹಚ್ಚಿದ್ದೆ ನೋಡ್ರಿ.”

ಆಗ ತಿಳಿಯಿತು. ರಿಚಾರ್ಜ್ ಇಲ್ಲದೆ ಸತ್ತ ನಂಬರನ್ನು ಕಂಪನಿಯವರು ಅವಳಿಗೆ ಕೊಟ್ಟಿದ್ದರು. ಡಬ್ಬಿ ಮಾತ್ರ ಹಳೆಯ ನಂಬರನ್ನೇ ಹಿಡಿದುಕೊಂಡು ದಿನಾ ಅವಳಿಗೆ ವರದಿ ಒಪ್ಪಿಸುತ್ತಿತ್ತು. ಅವಳು ಪಾಪ ಅಂದಾಗಲೆಲ್ಲ ನಮ್ಮ ಹೊಲ ತುಂಬುತ್ತಿತ್ತು.

“ಅದು ಮೋಟಾರಿನ ಡಬ್ಬಿ ತಂಗಿ. ಆ ಮನುಷ್ಯಾರು ಈಗಿಲ್ಲ” ಅಂದೆ.

“ಮತ್ತ ನಾ ದಿನಾ ಯಾರ ಜೋಡಿ ಮಾತಾಡ್ತಿದ್ದೆರಿ?” ಅಂದಳು. ನಾನು ಮೋಟಾರು ಬಂದ್ ಮಾಡಿ, ಮನೆಗೆ ಹೋಗಿ ಮಗನಿಗೆ ಎಲ್ಲ ಹೇಳಿದೆ.

ಸಂಜೆ ಮೆಕ್ಯಾನಿಕ್ ಬಂದ. ಹಳೆಯ ನಂಬರು ತೆಗೆದು ನನ್ನದು ಹಾಕಿದ. ಮಗ ಗುತ್ತಲಕ್ಕೆ ಫೋನು ಮಾಡಿ ಲಾವಣಿಯವರಿಗೆ ಬರಬೇಡಿರೆಂದ. ಸೊಸೆ ಇನ್ನೂ ನಂಬಿರಲಿಲ್ಲ. ಡಬ್ಬಿಗೆ ಕೈ ಮುಗಿದು ದೂರ ನಿಂತಳು.

“ಅಜ್ಜಾರ ದನಿ ತಗೀಲೇನಬೇ ಅಮ್ಮಾ? ಕಂಪನಿ ದನಿ ಹಾಕ್ತೇನಿ” ಅಂದ ಮೆಕ್ಯಾನಿಕ್.

“ಇರಲಿ ಬಿಡು. ಕೆಟ್ಟಿಲ್ಲಲ್ಲ” ಅಂದೆ.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಗಂಟಲು ಸರಿಮಾಡಿಕೊಂಡ ಸದ್ದು, ಆಮೇಲೆ: “ಕರೆಂಟ್ ಬಂದೈತಿ ನೋಡು.”

“ನೆಲ ಇನ್ನಾ ಹಸಿ ಐತ್ರಿ. ಇವತ್ತ ಬ್ಯಾಡ” ಅಂದೆ. ತಿರುಗಿ ಹಚ್ಚಲಿಲ್ಲ. ತವೆ ಇಳಿಸಿ, ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೋಗಿ, ನಿಂತ ನೀರು ಹರಿದುಹೋಗಲು ಬದುವಿನ ಬಾಯಿ ಕಡಿದೆ.