ಡಯಾಲಿಸಿಸ್ ಮುಗಿದ ಮ್ಯಾಲಿನ ಬೈಟೂ ಚಹಾ

ಹುಬ್ಬಳ್ಳ್ಯಾಗ ಡಯಾಲಿಸಿಸ್ ಮುಗಿದ ಮ್ಯಾಲೆ ನಾನೂ ಬಾಜೂ ಹಾಸಿಗಿಯ ಮೆಕ್ಯಾನಿಕ್ ಖಾದರ್ ಕಾಕಾನೂ ಬೈಟೂ ಚಹಾ ಕುಡೀತಿದ್ವಿ. ನಮಗ ನೀರೂ ಅಳತಿ ಮ್ಯಾಲ. ಪೂರ್ತಿ ಕಪ್ ಕುಡಿಯೂಹಂಗಿಲ್ಲ.

ಒಂದಿನ ನನ್ನ ರಕ್ತದಾಗ ಹೆಪಟೈಟಿಸ್ ಸಿ ಐತಿ ಅಂತ ಬಂತು. ಮೂಲ್ಯಾಗಿನ ಬ್ಯಾರೆ ಮಷೀನಿಗೆ ಹಾಕಿದ್ರು. ಕಿಡ್ನಿ ಹೋಗಿತ್ತು, ಇನ್ನ ಲಿವರೂ ಹೋಗತೈತಿ ಅಂತ ಅಂಜಿ ಡಾಕ್ಟರಿಗೆ ಕೇಳಿದೆ.

"ಕಿಡ್ನಿ ಹೋದವ್ರಿಗೆ ಇದರ ಗುಳಿಗಿ ನಡೀತಾವೇನ್ರಿ?"

"ನಡೀತಾವ್ರಿ, ವಾಸೀನೂ ಆಗತೈತಿ," ಅಂದ್ರು ಡಾಕ್ಟರು.

ನಂಬಿಕಿ ಬರಲಿಲ್ಲ. ದಿನಾ ಗುಳಿಗಿ ನುಂಗಿ, ಕಣ್ಣು ಹಳದಿ ಆಗ್ಯಾವೇನು ಅಂತ ಕನ್ನಡ್ಯಾಗ ನೋಡ್ತಿದ್ದೆ. ಕಾಕಾಗ ಅಂಟೀತು ಅಂತ ಚಹಾನೂ ಬಿಟ್ಟೆ. "ಅದು ರಕ್ತದಿಂದ ಬರೂದೋ, ಚಹಾದಿಂದಲ್ಲ," ಅಂತ ಕಾಕಾ ಕರೆದ್ರೂ ಹೋಗಲಿಲ್ಲ.

ಗುಳಿಗಿ ಮುಗಿದು ಕೆಲ ತಿಂಗಳಿಗೆ, ವೈರಸ್ ಇಲ್ಲ ಅಂತ ರಿಪೋರ್ಟ್ ಬಂತು. ಕಾಕಾನ ಹತ್ರ ಓಡಿದೆ. "ಇವತ್ತ ಪೂರ್ತಿ ಕಪ್ ಹೇಳ್ಲೇನ್ರಿ?"

"ರೋಗ ಹೋಗೈತಿ, ಕಿಡ್ನಿ ತಿರುಗಿ ಬಂದಿಲ್ಲ. ಬೈಟೂನ ಹೇಳು."