ಆಪರೇಷನ್ ಥಿಯೇಟರಿನಲ್ಲಿ ಸೋಫಾ ಇರಲಿಲ್ಲ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಊರಿನವರಿಗೆಲ್ಲ ಸಾರು ನೆನಪಾಗುತ್ತದೆ, ನನಗೆ ಆಸ್ಪತ್ರೆ ನೆನಪಾಗುತ್ತದೆ. ಮೊನ್ನೆ ದೊಡ್ಡಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಗೋಣಿಚೀಲದ ಮೇಲೆ ರಾಶಿ ಹಾಕಿದ್ದ ಕಾಯಿಯ ಮುಂದೆ ನಿಂತಿದ್ದೆ. ಒಂದು ಹಿಡಿ ಎತ್ತಿ ಮೂಸಿದ್ದೇ ತಪ್ಪಾಯಿತು. ಸೊಗಡಿನ ಜೊತೆಯಲ್ಲೇ ನಮ್ಮ ಎದುರುಮನೆಯ ಮಗ್ಗದ ದೊಡ್ಡಮ್ಮ ನೆನಪಾದರು, ಅವರ ಹಿಂದೆಯೇ ನನ್ನ ಸಿಟ್ಟೂ ಬಂತು. ಅರ್ಧ ಕೆಜಿಯನ್ನೂ ಕೊಳ್ಳದೆ ಮನೆಗೆ ಬಂದುಬಿಟ್ಟೆ.

ದೊಡ್ಡಮ್ಮ ಎಂದು ಕರೆಯುತ್ತಿದ್ದೆ ಅಷ್ಟೇ, ನೆಂಟಸ್ತನವೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಮಗನನ್ನು ಜೊತೆಗಿಟ್ಟುಕೊಂಡು ಮನೆ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಓಡಿಸುತ್ತಿದ್ದರು. ನಾನು ಮದುವೆಯಾಗಿ ಆ ಬೀದಿಗೆ ಬಂದ ಹೊಸದರಲ್ಲಿ ಆ ಕಟಕಟ ಸದ್ದಿಗೆ ನಿದ್ದೆ ಬರದೆ ಅತ್ತಿದ್ದೆ. ಆಮೇಲಾಮೇಲೆ ಕರೆಂಟು ಹೋಗಿ ಸದ್ದು ನಿಂತರೇ ಎಚ್ಚರವಾಗುತ್ತಿತ್ತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ನನ್ನ ಆಫೀಸು ಕೆಲಸ. ಸಂಜೆ ಬಸ್ಸಿಳಿದು ಬೀದಿಯ ತಿರುವಿಗೆ ಬರುವಾಗ ಆ ಸದ್ದು ಕೇಳಿದರೆ ಮನೆ ತಲುಪಿದ ಹಾಗೇ ಅನ್ನಿಸುತ್ತಿತ್ತು.

ಚೌಕಾಸಿಯಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ನೂಲಿನ ಅಂಗಡಿಯವರು ಅವರನ್ನು ದೂರದಲ್ಲಿ ಕಂಡರೇ ಟೀ ತರಿಸುತ್ತಿದ್ದರಂತೆ, ಬಾಯಿ ಸ್ವಲ್ಪ ಹೊತ್ತು ಮುಚ್ಚಿರಲಿ ಎಂದು. ಮಾರ್ಕೆಟ್ಟಿನಲ್ಲಿ ಅವರ ಪಕ್ಕ ನಿಲ್ಲಲು ನನಗೆ ನಾಚಿಕೆಯಾಗುತ್ತಿತ್ತು.

"ಏನಪ್ಪಾ, ಇದ್ರಲ್ಲಿ ಕಾಳಿಗಿಂತ ಹುಳಾನೇ ಜಾಸ್ತಿ ಐತೆ. ಹುಳಕ್ಕೂ ದುಡ್ ಕೊಡ್ಬೇಕಾ ನಾನು?" ಎನ್ನುತ್ತಿದ್ದರು. ಅವರೆಕಾಯಿಯವನು ಸೋತು, ನಕ್ಕು, ಮೇಲೊಂದು ಹಿಡಿ ಸುರಿಯುತ್ತಿದ್ದ.

ಇಂಥವರು ಡಾಕ್ಟರ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಹೊಟ್ಟೆನೋವು ಶುರುವಾಗಿ, ಸ್ಕ್ಯಾನಿಂಗ್ ಆಗಿ, ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಗೊತ್ತಾಗಿತ್ತು. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಚಿಕ್ಕ ನರ್ಸಿಂಗ್ ಹೋಮಿಗೆ ವಾರದಲ್ಲಿ ಕೆಲವು ದಿನ ಒಬ್ಬರು ಸರ್ಜನ್ ಬರುತ್ತಿದ್ದರು. ಉಳಿದ ದಿನ ಅವರು ಬೆಂಗಳೂರು ರಸ್ತೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿರುತ್ತಿದ್ದರು. ಒಳ್ಳೆಯ ಕೈ ಎಂದು ಹೆಸರು. ದೊಡ್ಡಮ್ಮನನ್ನು ಅವರ ಬಳಿಗೆ ಕರೆದುಕೊಂಡು ಹೋದವಳು ನಾನೇ, ಮಗನೂ ಜೊತೆಗಿದ್ದ.

"ಆಪರೇಷನ್ ಮಾಡಿಸ್ಬೇಕಮ್ಮ. ಇಲ್ಲಾದ್ರೂ ಮಾಡಿಸ್ಕೊಳ್ಳಿ, ಅಲ್ಲಾದ್ರೂ ಬನ್ನಿ. ಎರಡೂ ಕಡೆ ಮಾಡೋನು ನಾನೇ," ಎಂದರು ಡಾಕ್ಟರು.

ಅಷ್ಟು ಸುಲಭವಾಗಿ ಹೇಳಿದರು. ಇಲ್ಲಿ ಎಷ್ಟಾಗುತ್ತದೆ, ಅಲ್ಲಿ ಎಷ್ಟಾಗುತ್ತದೆ ಎಂದು ಅವರೂ ಹೇಳಲಿಲ್ಲ, ಮಗನೂ ಕೇಳಲಿಲ್ಲ. ಹುಳಕ್ಕೆ ದುಡ್ಡು ಕೊಡಲು ಒಪ್ಪದ ದೊಡ್ಡಮ್ಮ ಸೆರಗು ಹೊದ್ದುಕೊಂಡು ತಲೆ ಅಲ್ಲಾಡಿಸಿ ಎದ್ದು ಬಂದರು.

ಮನೆಗೆ ಬಂದ ಮೇಲೆ ಚರ್ಚೆ ನಡೆದದ್ದು ಕಲ್ಲಿನ ಬಗ್ಗೆ ಅಲ್ಲ, ಬೀಗರ ಬಗ್ಗೆ. ಮಗಳನ್ನು ನಲ್ಲೂರಿನ ಕಡೆಗೆ ಕೊಟ್ಟಿದ್ದರು. ಏರ್‌ಪೋರ್ಟು ಬಂದ ಮೇಲೆ ಜಮೀನಿಗೆ ಬೆಲೆ ಬಂದು, ಮನೆಯ ಮುಂದೆ ಎರಡು ಕಾರು ನಿಲ್ಲಿಸಿಕೊಂಡ ಜನ. ನಮ್ಮ ಕಡೆ ಯಾರಾದರೂ ಆಸ್ಪತ್ರೆಗೆ ಸೇರಿದರೆ ಬೀಗರು ಬ್ರೆಡ್ಡು, ಮೂಸಂಬಿ, ಎಳನೀರು ಹಿಡಿದುಕೊಂಡು ನೋಡಲು ಬರಲೇಬೇಕು. ಬಾರದಿದ್ದರೆ ಆಜನ್ಮ ಮುನಿಸು. ಬಂದವರನ್ನು ನಿಲ್ಲಿಸಿ ಮಾತಾಡಿಸಿ ಕಳಿಸಿದರೆ ಅದೂ ಮುನಿಸೇ.

"ಆ ನರ್ಸಿಂಗ್ ಹೋಮಲ್ಲಿ ಒಂದ್ ಮಂಚ, ಒಂದ್ ಸ್ಟೂಲು. ಬೀಗ್ರು ಬಂದ್ರೆ ಎಲ್ ಕೂರ್ಸ್ಲಿ, ನನ್ ಹೊಟ್ಟೆ ಮೇಲಾ?" ಎಂದರು ದೊಡ್ಡಮ್ಮ. ಎಲ್ಲರೂ ನಕ್ಕೆವು. ದೊಡ್ಡ ಆಸ್ಪತ್ರೆಯೇ ಎಂದು ತೀರ್ಮಾನವಾಯಿತು.

ಅಲ್ಲಿನ ಕೌಂಟರಿನ ಹುಡುಗಿ ತುಂಬ ನಯವಾಗಿ ಕೇಳಿದಳು, "ಜನರಲ್ ವಾರ್ಡಾ ಅಮ್ಮ, ಶೇರಿಂಗಾ, ಸ್ಪೆಷಲ್ ರೂಮಾ?"

"ಸ್ಪೆಷಲ್ಲಲ್ಲಿ ಸೋಫಾ ಇರ್ತದಾ?" ಎಂದರು ದೊಡ್ಡಮ್ಮ.

"ಇರುತ್ತೆ. ಟೀವಿನೂ ಇರುತ್ತೆ."

ದಿನಕ್ಕೆ ರೂಮಿನ ಬಾಡಿಗೆ ಎಷ್ಟು ಎಂದು ಹೇಳಿದಳು. ಹೆಚ್ಚೇ ಆಯಿತು, ಆದರೆ ಎರಡು ಮೂರು ದಿನಕ್ಕೆ ತಾನೇ ಎಂದು ಮಗ ಸಹಿ ಹಾಕಿದ. ರೂಮು ಬದಲಾದರೆ ಬಾಡಿಗೆ ಬದಲಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಯಾರು ತಾನೇ ಹಾಗೆ ತಿಳಿಯುವುದಿಲ್ಲ?

ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ಸುಳ್ಳು ಹೇಳಬಾರದು. ಬೀಗರು ಎರಡೂ ಕಾರಿನ ತುಂಬ ಬಂದರು. ಸೋಫಾದ ಮೇಲೆ ಕೂತು, ಟೀವಿ ನೋಡಿ, ಮೂಸಂಬಿಯನ್ನು ತಾವೇ ಸುಲಿದು ತಾವೇ ಅರ್ಧ ತಿಂದು ಹೋದರು. ಕಲ್ಲು ಹೋದದ್ದಕ್ಕಿಂತ ಅವರು ಸೋಫಾದ ಮೇಲೆ ಕೂತದ್ದಕ್ಕೇ ದೊಡ್ಡಮ್ಮನ ಮುಖ ಅರಳಿತ್ತು.

ಡಿಸ್ಚಾರ್ಜ್ ದಿನ ಬಿಲ್ಲು ಇಂಗ್ಲಿಷಿನಲ್ಲಿರುತ್ತದೆ ಎಂದು ಮಗ ನನ್ನನ್ನು ಕರೆದೊಯ್ದಿದ್ದ. ನಮ್ಮ ಮುಂದೆ ಮಾಕಳಿದುರ್ಗದ ಬುಡದ ಹಳ್ಳಿಯವನೊಬ್ಬ ನಿಂತಿದ್ದ. ಅವನ ಹೆಂಡತಿ ಜನರಲ್ ವಾರ್ಡಿನಲ್ಲಿದ್ದಳು. ಅದೇ ಕಲ್ಲು, ಅದೇ ಡಾಕ್ಟರು, ದೊಡ್ಡಮ್ಮನ ಆಪರೇಷನ್ ಆದ ಬೆಳಿಗ್ಗೆಯೇ ಅವಳದೂ ಆಗಿತ್ತು. ಕಾರಿಡಾರಿನಲ್ಲಿ ಇಬ್ಬರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ಜೊತೆಯಲ್ಲೇ ನಡೆದಾಡಿದ್ದರು. ಅವನೂ ತನ್ನ ಬಿಲ್ಲನ್ನು ಓದಿಕೊಡಿ ಎಂದು ನನ್ನ ಕೈಗೆ ಕೊಟ್ಟ. ಓದಿದೆ. ಆಮೇಲೆ ನಮ್ಮದನ್ನು ಓದಿದೆ...

ನಮ್ಮದು ಅವನದರ ಎರಡರಷ್ಟನ್ನೂ ದಾಟಿತ್ತು. ಬಾಡಿಗೆಯೊಂದೇ ಅಲ್ಲ. ಸರ್ಜನ್ನಿನ ಫೀಸು ಹೆಚ್ಚು, ಅರಿವಳಿಕೆ ಕೊಟ್ಟವರ ಫೀಸು ಹೆಚ್ಚು, ಥಿಯೇಟರಿನದು ಹೆಚ್ಚು, ಕೊನೆಗೆ ರಕ್ತಪರೀಕ್ಷೆಯದೂ ಹೆಚ್ಚು. ಒಂದೇ ಮೆಷಿನ್ನಿಗೆ ಹಾಕಿದ ರಕ್ತ! ಕೌಂಟರಿನ ಕಿಟಕಿಯಲ್ಲಿ ಎರಡೂ ಬಿಲ್ಲನ್ನು ಅಕ್ಕಪಕ್ಕ ಇಟ್ಟು ಏನಿದು ಎಂದು ಕೇಳಿದೆ.

"ಅದು ರೂಮ್ ಕೆಟಗರಿ ಮೇಲೆ ಹೋಗುತ್ತೆ ಮೇಡಂ," ಎಂದ ಬಿಲ್ಲಿನವನು.

"ಆಪರೇಷನ್ ಥಿಯೇಟರಲ್ಲೂ ಸೋಫಾ ಹಾಕಿದ್ರೇನ್ರಿ?"

"ಪಾಲಿಸಿ ಮೇಡಂ," ಎಂದು ನಕ್ಕ. ಹಿಂದೆ ನಿಂತಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಪಾಲಿಸಿಗೆ ಬೆಂಕಿ ಬೀಳಲಿ. ನಮ್ಮೂರಿನ ಹೋಟೆಲಿನಲ್ಲೂ ಎಸಿ ರೂಮಿನಲ್ಲಿ ಕೂತರೆ ಕಾಫಿಗೆ ನಾಲ್ಕು ಕಾಸು ಹೆಚ್ಚು, ಆದರೆ ಅವನು ಬಾಗಿಲಲ್ಲೇ ಬೋರ್ಡು ಹಾಕಿರುತ್ತಾನೆ. ಕಟಿಂಗ್ ಶಾಪಿನಲ್ಲೂ ಗೋಡೆಯ ಮೇಲೆ ರೇಟು ಬರೆದಿರುತ್ತದೆ. ಹೊಟ್ಟೆ ಕೊಯ್ಯುವ ಕಡೆ ಮಾತ್ರ ಕೊಯ್ದು, ಹೊಲಿದು, ಎಬ್ಬಿಸಿ ನಿಲ್ಲಿಸಿ, ಆಮೇಲೆ ಹೇಳುತ್ತಾರೆ. ಮುಂದೆ ಊರಿನ ನರ್ಸಿಂಗ್ ಹೋಮಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಆ ಹಳ್ಳಿಯವನು ಕಟ್ಟಿದ್ದಕ್ಕಿಂತಲೂ ಕಡಿಮೆಯಲ್ಲಿ ಅದೇ ಡಾಕ್ಟರು ಇಲ್ಲೇ ಮಾಡುತ್ತಿದ್ದರು.

ರೂಮಿಗೆ ಬಂದು ಬಿಲ್ಲಿನ ವಿಷಯ ಹೇಳಿದಾಗ ದೊಡ್ಡಮ್ಮ, "ಅವ್ಳದು ಕಲ್ಲು, ನಂದೇನು ಬಂಗಾರಾನಾ?" ಎಂದರು. ರೂಮಿನಲ್ಲಿದ್ದ ಪ್ಲಾಸ್ಟಿಕ್ ಜಗ್ಗು, ಸೋಪು, ಬಾಚಣಿಗೆ, ವಾಂತಿ ಹಿಡಿಯಲು ಕೊಟ್ಟಿದ್ದ ಬಾಗಿದ ಟ್ರೇ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದರು. ಅವರೆಕಾಯಿಯ ಕಾಲ. ಒಂದು ವಾರಕ್ಕೆ ಆ ಟ್ರೇಯಲ್ಲೇ ಹಿತಕಿದ ಬೇಳೆ ತುಂಬಿ ನಮ್ಮ ಮನೆಗೆ ಕಳಿಸಿದರು. ನನ್ನ ಅತ್ತೆ ಅದನ್ನು ಮುಟ್ಟಲೂ ಇಲ್ಲ.

"ಬಳಸಿಲ್ಲ ಕಣಮ್ಮ, ಹೊಸದು. ಅದಕ್ಕೂ ದುಡ್ ಕಟ್ಟಿದ್ದೀನಿ, ತಿಪ್ಪೆಗೆ ಹಾಕ್ಲಾ?" ಎಂದು ಎದುರುಮನೆಯಿಂದಲೇ ಕೂಗಿದರು.

ಬಿಲ್ಲಿಗೆ ಮಾಡಿದ ಸಾಲ ತೀರಿಸಲು ನಾಲ್ಕು ಮಗ್ಗದಲ್ಲಿ ಎರಡು ಹೋದವು. ಬಿಚ್ಚಿ ಟೆಂಪೋಗೆ ಹಾಕುವಾಗ ದೊಡ್ಡಮ್ಮ ಬಾಗಿಲಲ್ಲಿ ಕೂತಿದ್ದರು. "ಬೀಗ್ರು ಕೂತಿದ್ದು ಸೋಫಾ ಮೇಲಲ್ಲ ಕಣೆ, ನನ್ ಮಗ್ಗದ್ ಮೇಲೆ," ಎಂದರು. ಅವತ್ತಿನಿಂದ ಬೀದಿಯ ಸದ್ದು ಅರ್ಧವಾಯಿತು.

ಇಲ್ಲಿಗೇ ಮುಗಿದಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ. ಹೋದ ಮಗ್ಗವನ್ನು ದುಡಿದು ಮತ್ತೆ ತರಬಹುದು.

ಆಪರೇಷನ್ ಸಮಯದಲ್ಲೇ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿತ್ತು. ತಿಂಗಳು ತಿಂಗಳು ಬಂದು ತೋರಿಸಿ ಎಂದಿದ್ದರು. ಆ ಬಿಲ್ಲು ಕಟ್ಟಿದ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ? ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಶೆಡ್ಡಿನಲ್ಲಿ ಬಿದ್ದಿದ್ದ ಮೊಳೆಯೊಂದು ಕಾಲಿಗೆ ಚುಚ್ಚಿತಂತೆ. ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಉರಿಬಿಸಿಲಿನಲ್ಲಿ ಮಗನ ಸಾಕ್ಸು ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದರು.

"ಏನ್ ದೊಡ್ಡಮ್ಮ, ಸಾಕ್ಸು?"

"ಫ್ಯಾಷನ್ನು ಕಣೆ," ಎಂದು ಕಾಲು ಹಿಂದಕ್ಕೆಳೆದುಕೊಂಡರು. ವಾಸನೆ ಮುಚ್ಚಿಡಲು ಆಗಲಿಲ್ಲ.

ನಾನು ಜಗಳಕ್ಕೇ ನಿಂತೆ. "ಸರ್ಕಾರಿ ಆಸ್ಪತ್ರೆಲಿ ದಿನಾ ಡ್ರೆಸ್ಸಿಂಗ್ ಮಾಡ್ತಾರೆ, ಇನ್ಸುಲಿನ್ನೂ ಅಲ್ಲೇ ಕೊಡ್ತಾರೆ. ಏಳಿ, ಗಾಡೀಲಿ ಕರ್ಕೊಂಡ್ ಹೋಗ್ತೀನಿ."

"ಅಷ್ಟು ದುಡ್ ಸುರಿದ್ ಕಡೆ ಬದುಕಿಸಿದ್ರು. ಪುಕ್ಕಟೆ ಕೊಡೋ ಕಡೆ ಏನಮ್ಮ ಕೊಡ್ತಾರೆ, ನೀರು ಬೆರ್ಸಿದ್ ಔಷಧಿ."

"ಹೋಗ್ಲಿ, ಬಸ್‌ಸ್ಟ್ಯಾಂಡ್ ಹತ್ರದ ನರ್ಸಿಂಗ್ ಹೋಮಿಗಾದ್ರೂ ಬನ್ನಿ."

"ಅದೇ ಡಾಕ್ಟ್ರಲ್ವಾ ಅಲ್ಲೂ ಬರೋದು? ಉಳ್ದಿರೋ ಎರಡು ಮಗ್ಗಾನೂ ಕೇಳ್ತಾರೆ. ಆಮೇಲೆ ನನ್ ಮಗ ಏನ್ ತಿಂತಾನೆ?"

ಸಿಟ್ಟು ಬರುವುದು ಇದಕ್ಕೇ. ಆ ಆಸ್ಪತ್ರೆ ಅವರ ದುಡ್ಡನ್ನಷ್ಟೇ ತೆಗೆದುಕೊಂಡಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು. ಕಾಯಿಲೆ ಎಂದರೆ ಇಷ್ಟು ಖರ್ಚು ಎಂದು ಅದು ಅವರಿಗೆ ಕಲಿಸಿಬಿಟ್ಟಿತ್ತು. ಅದಕ್ಕಿಂತ ಕಡಿಮೆಯಲ್ಲಿ ಆಗುವುದು ವೈದ್ಯವೇ ಅಲ್ಲ ಎಂದೂ ಕಲಿಸಿತ್ತು. ಒಂದು ಕಡೆಗೆ ಹೋಗಲು ದುಡ್ಡಿಲ್ಲ, ಇನ್ನೊಂದು ಕಡೆಗೆ ಹೋಗಲು ನಂಬಿಕೆಯಿಲ್ಲ. ನಡುವೆ ಆ ಹೆಂಗಸು ಗಾಯಕ್ಕೆ ಅರಿಶಿನ ಮೆತ್ತಿ ಸಾಕ್ಸು ಹಾಕಿಕೊಂಡು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮಗ ಆಟೋ ತಂದು ನಿಲ್ಲಿಸಿದರೆ ವಾಪಸ್ಸು ಕಳಿಸಿದರು. ಮಗ್ಗ ಮಾರುವ ಮಾತೆತ್ತಿದರೆ ನನ್ನ ಹೆಣ ನೋಡುತ್ತೀಯ ಎಂದರಂತೆ.

ಒಂದು ಬೆಳಿಗ್ಗೆ ಕರೆಂಟಿತ್ತು, ಮಗ್ಗದ ಸದ್ದಿರಲಿಲ್ಲ. ಓಡಿಹೋಗಿ ನೋಡಿದರೆ ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದರು. ಬೇಡ ಎನ್ನುವ ಶಕ್ತಿ ಆಗ ಅವರಲ್ಲಿರಲಿಲ್ಲ. ಎತ್ತಿ ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ಸಾಕ್ಸು ಕತ್ತರಿಸಿ ತೆಗೆದವರು, "ಸ್ವಲ್ಪ ಮುಂಚೆ ಕರ್ಕೊಂಡ್ ಬಂದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನಂಜು ರಕ್ತಕ್ಕೆ ಏರಿತ್ತು. ನೀರು ಬೆರೆಸಿದ ಔಷಧಿಯನ್ನೇನೂ ಅವರು ಕೊಡಲಿಲ್ಲ. ಉಳಿಸಲು ಹಗಲೂ ರಾತ್ರಿ ಒದ್ದಾಡಿದರು. ಕೆಲವು ದಿನ ಉಸಿರಾಡಿ ದೊಡ್ಡಮ್ಮ ಹೋಗಿಬಿಟ್ಟರು.

ಮಗ ಅಳು ನುಂಗಿಕೊಂಡು ಎಷ್ಟು ಕಟ್ಟಬೇಕು ಎಂದು ಹೋಗಿ ಕೇಳಿದ. ಏನೂ ಇಲ್ಲಪ್ಪ, ಬಾಡಿ ತಗೊಂಡು ಹೋಗು ಎಂದರು. ಅವನು ಅಲ್ಲೇ ಗೋಡೆಗೊರಗಿ ಕುಸಿದು ಹೋ ಎಂದು ಅತ್ತ. ತಾಯಿ ಸತ್ತಾಗ ಅಳದವನು ಅದನ್ನು ಕೇಳಿ ಅತ್ತ.

ತಿಥಿಗೆ ಬೀಗರು ಬಂದರು. ಊಟವಾದ ಮೇಲೆ ಹಿರಿಯ ಬೀಗರು ಎಲೆಅಡಿಕೆ ಹಾಕಿಕೊಳ್ಳುತ್ತ, "ಯಾವ್ ಆಸ್ಪತ್ರೆಲಿದ್ರಪ್ಪ ಕೊನೆಗೆ?" ಎಂದು ಕೇಳಿದರು. ಮಗ ನನ್ನ ಮುಖ ನೋಡಲಿಲ್ಲ. ಆ ಸೋಫಾ ಇದ್ದ ಆಸ್ಪತ್ರೆಯ ಹೆಸರು ಹೇಳಿದ.

"ಹಂಗಾದ್ರೆ ನಿನ್ ಕೈಲಾದ್ದೆಲ್ಲಾ ಮಾಡಿದ್ದೀಯ ಬಿಡು," ಎಂದರು ಬೀಗರು. ಎಲ್ಲರೂ ಹೌದೆಂದು ತಲೆದೂಗಿದರು. ನನಗೆ ಅಲ್ಲೇ ಕಿರುಚಬೇಕೆನ್ನಿಸಿತು. ಆ ಹುಡುಗನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಮೊನ್ನೆ ಮಾರ್ಕೆಟ್ಟಿನಿಂದ ಬರಿಗೈಯಲ್ಲಿ ಬಂದವಳಿಗೆ ಮನಸ್ಸು ತಡೆಯಲಿಲ್ಲ. ಮಾರನೇ ದಿನ ಅದೇ ನರ್ಸಿಂಗ್ ಹೋಮಿಗೆ ಹೋಗಿ ಟೋಕನ್ ತೆಗೆದುಕೊಂಡು ಆ ಡಾಕ್ಟರ ಮುಂದೆ ಕೂತೆ. ಏನು ತೊಂದರೆ ಎಂದರು. ದೊಡ್ಡಮ್ಮನ ಕಥೆಯೇ ನನ್ನ ತೊಂದರೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪಾಪ, ತಾಳ್ಮೆಯಿಂದಲೇ ಕೇಳಿದರು. "ಇಲ್ಲಿಗೂ ಅಲ್ಲಿಗೂ ಇಷ್ಟು ವ್ಯತ್ಯಾಸ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ ಡಾಕ್ಟ್ರೇ?" ಎಂದೆ.

"ಕೇಳಿದ್ರೆ ಹೇಳ್ತಿದ್ದೆನಲ್ಲಮ್ಮ. ನೀವ್ಯಾರೂ ಕೇಳ್ಲೇ ಇಲ್ಲ," ಎಂದರು. ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅವರ ಮಾತು ನಿಜವಾದದ್ದಕ್ಕೇ ನನ್ನ ಮೈ ಇನ್ನೂ ಉರಿಯಿತು. ಒಳಗೆ ಬಂದವರು ಒಬ್ಬ ಮುದುಕರು. ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಸ್ಕ್ಯಾನಿಂಗ್ ಕವರು. ನಾನು ಎದ್ದವಳು ಹೋಗಲಿಲ್ಲ. "ತಾತ, ಆಪರೇಷನ್ ಅಂದ್ರೆ ಇಲ್ಲಿ ಎಷ್ಟಾಗುತ್ತೆ, ಅಲ್ಲಿ ಎಷ್ಟಾಗುತ್ತೆ, ರೂಮು ಬದಲಾದ್ರೆ ಏನೇನ್ ಬದಲಾಗುತ್ತೆ, ಎಲ್ಲಾ ಈಗ್ಲೇ ಕೇಳ್ಕೊಳ್ಳಿ," ಎಂದೆ.

ಮುದುಕರು ಗಾಬರಿಯಿಂದ ಡಾಕ್ಟರ ಮುಖ ನೋಡಿದರು, ಆಮೇಲೆ ನನ್ನ ಮೇಲೆ ರೇಗಿದರು. "ಜೀವ ಉಳ್ಸೋರನ್ನ ಹಂಗೆಲ್ಲಾ ಕೇಳ್ತಾರೇನಮ್ಮ? ಮರ್ಯಾದೆ ಬ್ಯಾಡ್ವಾ?"

ದೊಡ್ಡಮ್ಮ ಇದ್ದಿದ್ದರೂ ನನಗೆ ಇದನ್ನೇ ಹೇಳಿ ಬೈಯುತ್ತಿದ್ದರು... ಬೈಯಲು ಅವರೀಗ ಇಲ್ಲ.